ಒಂದೇ ಪ್ರವಾಸದಲ್ಲಿ ಫಿಯೋರ್ಡ್, ಮಧ್ಯರಾತ್ರಿ ಸೂರ್ಯ, ಹಸಿರು ಬೆಳಕು: ನಾರ್ವೆಯ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಈ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಮೊದಲ ಚಿತ್ರದಲ್ಲಿ ಎತ್ತರದ ಬಂಡೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರು, ಕೆಳಗೆ ಕಡಿದಾದ ಬೆಟ್ಟಗಳ ನಡುವೆ ಹಸಿರು ನೀರು. ಎರಡನೆಯದರಲ್ಲಿ ಆಕಾಶದ ತುಂಬ ಕುಣಿಯುವ ಹಸಿರು ಬೆಳಕು. ಮೂರನೆಯದರಲ್ಲಿ ನಡುರಾತ್ರಿಯಲ್ಲೂ ಹೊಳೆಯುವ ಸೂರ್ಯ. ಜೊತೆಗೊಂದು ಸಾಲು: ರಾತ್ರಿ ಬರೀ 40 ನಿಮಿಷ ಇರುವ ದೇಶ, ಜೀವನದಲ್ಲಿ ಒಮ್ಮೆ ನೋಡಲೇಬೇಕು.

ನೋಡಿ ಖುಷಿಪಟ್ಟು ಇನ್ನೊಬ್ಬರಿಗೆ ಕಳಿಸಿದರೆ ದೊಡ್ಡ ನಷ್ಟವೇನೂ ಇಲ್ಲ. ಆದರೆ ಇದನ್ನೇ ನಂಬಿ ಟಿಕೆಟ್ ಬುಕ್ ಮಾಡಿದರೆ ಕತೆ ಬೇರೆ. ನಾರ್ವೆ ದುಬಾರಿ ದೇಶ. ಅಪ್ಪ ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗೋಣ ಎಂದು ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಜೂನ್ ತಿಂಗಳಲ್ಲಿ ಬರ್ಗೆನ್ ಊರಿಗೆ ಹೋದವರಿಗೆ ಹಸಿರು ಬೆಳಕು ಕಾಣುವುದಿಲ್ಲ. ಮಧ್ಯರಾತ್ರಿಯ ಸೂರ್ಯನೂ ಕಾಣುವುದಿಲ್ಲ. ಫೋಟೊದಲ್ಲಿದ್ದ ಬಂಡೆಗೆ ಹತ್ತಲು ಅಪ್ಪನ ಮಂಡಿ ಒಪ್ಪದೆ ಹೋಗಬಹುದು.

ಹಾಗಾದರೆ ಫಾರ್ವರ್ಡ್‌ನ ಚಿತ್ರಗಳೆಲ್ಲ ಸುಳ್ಳೇ? ಬಹುತೇಕ ಚಿತ್ರಗಳು ನಿಜವೇ. ತೊಂದರೆ ಇರುವುದು ಅವುಗಳನ್ನು ಜೋಡಿಸಿದ ರೀತಿಯಲ್ಲಿ. ಸಾವಿರ ಕಿಲೋಮೀಟರ್ ಅಂತರದ ಊರುಗಳನ್ನು, ಬೇರೆ ಬೇರೆ ತಿಂಗಳ ದೃಶ್ಯಗಳನ್ನು ಒಂದೇ ಕಟ್ಟಿನಲ್ಲಿ ಹಾಕಿ ಕಳಿಸಲಾಗುತ್ತದೆ. ಫಿಯೋರ್ಡ್ ಎಂದರೇನು, ಅದು ಹೇಗೆ ಹುಟ್ಟಿತು ಎಂದು ತಿಳಿದರೆ ಪ್ರವಾಸದ ಅರ್ಧ ಯೋಜನೆ ತಾನಾಗಿಯೇ ಸರಿಹೋಗುತ್ತದೆ. ಒಂದೊಂದಾಗಿ ನೋಡೋಣ.

ಫಿಯೋರ್ಡ್ ಅಂದರೆ ಏನು?

ಸಮುದ್ರದ ನೀರು ಬೆಟ್ಟಗಳ ನಡುವೆ ಬಹುದೂರ ಒಳನುಗ್ಗಿರುವ ಕಿರಿದಾದ, ಆಳವಾದ ಕೊಲ್ಲಿಯೇ ಫಿಯೋರ್ಡ್. ಅದನ್ನು ಕೊರೆದದ್ದು ನದಿಯಲ್ಲ, ಹಿಮನದಿ.

ನಮ್ಮ ಕರಾವಳಿಯಲ್ಲಿ ಕಾಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಅಳಿವೆಗಳನ್ನು ನೋಡಿದ್ದೀರಿ. ಅಲ್ಲಿ ನೀರು ಅಗಲ, ಆದರೆ ಆಳ ಕಡಿಮೆ. ಹರಿಯುವ ನದಿಗೆ ಸಮುದ್ರ ಮಟ್ಟಕ್ಕಿಂತ ತುಂಬ ಕೆಳಗೆ ನೆಲ ಕೊರೆಯುವ ಶಕ್ತಿ ಇರುವುದಿಲ್ಲ. ಸಮುದ್ರ ಸೇರುತ್ತಿದ್ದಂತೆ ಅದರ ವೇಗ ತಗ್ಗಿ, ಹೊತ್ತು ತಂದ ಮಣ್ಣನ್ನು ಅಲ್ಲೇ ಬಿಡುತ್ತದೆ.

ಹಿಮನದಿಯ ಲೆಕ್ಕ ಬೇರೆ. ಹಿಮಯುಗಗಳಲ್ಲಿ ನಾರ್ವೆ, ಸ್ವೀಡನ್ ಭಾಗದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆಯ ಹೊದಿಕೆ ಇತ್ತು. ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುತ್ತಾ, ಅಡಿಯಲ್ಲಿ ಸಿಕ್ಕಿಕೊಂಡ ಬಂಡೆಗಳಿಂದ ನೆಲವನ್ನು ಉಜ್ಜುತ್ತಾ ಹೋಯಿತು. ಮೊದಲೇ ಇದ್ದ ನದಿ ಕಣಿವೆಗಳು ಅಗಲವಾದವು, ಸಮುದ್ರ ಮಟ್ಟಕ್ಕಿಂತ ನೂರಾರು ಮೀಟರ್ ಕೆಳಗಿನವರೆಗೂ ಕೊರೆದುಹೋದವು. ಸುಮಾರು 11ರಿಂದ 12 ಸಾವಿರ ವರ್ಷಗಳ ಹಿಂದೆ ಕೊನೆಯ ಹಿಮಯುಗ ಮುಗಿದು ಮಂಜು ಕರಗಿದಾಗ, ಆ ಖಾಲಿ ಕಣಿವೆಗಳಿಗೆ ಸಮುದ್ರ ನುಗ್ಗಿತು. ಕಣಿವೆಯ ಅಡ್ಡಸೀಳು ಇಂಗ್ಲಿಷಿನ ‘ಯು’ ಅಕ್ಷರದಂತೆ ಕಾಣುವುದು, ಗೋಡೆಗಳು ನೇರವಾಗಿ ನಿಂತಿರುವುದು ಇದೇ ಕಾರಣಕ್ಕೆ.

ನಾರ್ವೆಯಲ್ಲಿ ಸಾವಿರಕ್ಕೂ ಹೆಚ್ಚು ಫಿಯೋರ್ಡ್‌ಗಳಿವೆ. ಎಲ್ಲಕ್ಕಿಂತ ಉದ್ದನೆಯದು ಸೋಗ್ನೆಫಿಯೋರ್ಡ್. ಉದ್ದ ಸುಮಾರು 205 ಕಿ.ಮೀ., ಹೆಚ್ಚೆಂದರೆ 1,300 ಮೀಟರ್‌ಗೂ ಹೆಚ್ಚು ಆಳ. ಅಂದರೆ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವಷ್ಟು ದೂರ ಸಮುದ್ರ ನಾಡಿನೊಳಗೆ ಬಂದಿದೆ! ಹೊರಗಿರುವ ಉತ್ತರ ಸಮುದ್ರದ ಸರಾಸರಿ ಆಳವೇ ಸುಮಾರು 95 ಮೀಟರ್. ಸಮುದ್ರಕ್ಕಿಂತ ಅದರ ಕೊಲ್ಲಿಯೇ ಹತ್ತು ಪಟ್ಟು ಆಳ ಎಂಬುದು ವಿಚಿತ್ರ ಅನ್ನಿಸಿದರೂ ನಿಜ. ಹಿಮನದಿ ಒಳಗೆ ದಪ್ಪವಾಗಿದ್ದು ಆಳಕ್ಕೆ ಕೊರೆಯಿತು, ಬಾಯಿಯ ಹತ್ತಿರ ಹರಡಿ ತೆಳುವಾಗಿ ಕೊರೆಯುವ ಶಕ್ತಿ ಕಳೆದುಕೊಂಡಿತು. ಹಾಗಾಗಿ ಫಿಯೋರ್ಡ್‌ಗಳ ಬಾಯಿಯಲ್ಲಿ ನೀರಿನಡಿ ಹೊಸ್ತಿಲಿನಂಥ ದಿಣ್ಣೆ ಇರುತ್ತದೆ. ಸೋಗ್ನೆಫಿಯೋರ್ಡ್‌ನ ಹೊಸ್ತಿಲ ಹತ್ತಿರ ಆಳ ನೂರಿನ್ನೂರು ಮೀಟರ್ ಮಾತ್ರ.

ಫೋಟೊಗಳಲ್ಲಿ ಹೆಚ್ಚಾಗಿ ಕಾಣುವ ಗೈರಾಂಗರ್ ಮತ್ತು ನೆರೊಯ್ ಫಿಯೋರ್ಡ್‌ಗಳು ಚಿಕ್ಕವು. ಎರಡೂ 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ನೆರೊಯ್ ಫಿಯೋರ್ಡ್‌ನ ಅತಿ ಕಿರಿದಾದ ಜಾಗದಲ್ಲಿ ಅಗಲ ಬರೀ 250 ಮೀಟರ್.

ಫಾರ್ವರ್ಡ್ 1: ‘ನಾರ್ವೆಯಲ್ಲಿ ರಾತ್ರಿ ಕೇವಲ 40 ನಿಮಿಷ’

ಅರ್ಧ ಸತ್ಯ.

ಭೂಮಿ ಸುಮಾರು 23.5 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ. ಹಾಗಾಗಿ 66.5 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರದಲ್ಲಿ, ಅಂದರೆ ಆರ್ಕ್‌ಟಿಕ್ ವೃತ್ತದ ಆಚೆ, ಬೇಸಿಗೆಯಲ್ಲಿ ಕೆಲವು ದಿನ ಅಥವಾ ಕೆಲವು ವಾರ ಸೂರ್ಯ ಮುಳುಗುವುದೇ ಇಲ್ಲ. ಚಳಿಗಾಲದಲ್ಲಿ ಬಹುತೇಕ ಕಡೆ ಕೆಲವು ಕಾಲ ಹುಟ್ಟುವುದೂ ಇಲ್ಲ. ಉತ್ತರ ನಾರ್ವೆಯ ಟ್ರೊಮ್ಸೊ ನಗರದಲ್ಲಿ ಸರಿಸುಮಾರು ಮೇ 20ರಿಂದ ಜುಲೈ 22ರವರೆಗೆ ಮಧ್ಯರಾತ್ರಿಯ ಸೂರ್ಯ ಕಾಣುತ್ತಾನೆ. ಈ ಅವಧಿ ಶುರುವಾಗುವ ಮುಂಚೆ ಮತ್ತು ಮುಗಿದ ಮೇಲೆ ಒಂದೆರಡು ದಿನ ಸೂರ್ಯ ಸ್ವಲ್ಪ ಹೊತ್ತು ಮರೆಯಾಗಿ ಮತ್ತೆ ಮೇಲೆ ಬರುತ್ತಾನೆ. ‘40 ನಿಮಿಷದ ರಾತ್ರಿ’ ಎಂಬುದು ಅಂಥ ಯಾವುದೋ ಒಂದು ದಿನದ ಮಾತು. ಅದನ್ನು ಇಡೀ ದೇಶಕ್ಕೆ, ಇಡೀ ವರ್ಷಕ್ಕೆ ಅನ್ವಯಿಸಿರುವುದು ತಪ್ಪು.

ಪ್ರವಾಸ ಮಾಡುವವರಿಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಹೆಸರಾಂತ ಫಿಯೋರ್ಡ್‌ಗಳೆಲ್ಲ ಇರುವುದು ನಾರ್ವೆಯ ಪಶ್ಚಿಮ ಭಾಗದಲ್ಲಿ, 59ರಿಂದ 62 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಅಂದರೆ ಆರ್ಕ್‌ಟಿಕ್ ವೃತ್ತಕ್ಕಿಂತ ಸಾಕಷ್ಟು ದಕ್ಷಿಣಕ್ಕೆ. ಬರ್ಗೆನ್‌ನಲ್ಲಿ ಜೂನ್ ಮೂರನೇ ವಾರ ಸೂರ್ಯ ರಾತ್ರಿ 11ರ ಸುಮಾರಿಗೆ ಮುಳುಗಿ ಬೆಳಗಿನ 4ರ ಸುಮಾರಿಗೆ ಹುಟ್ಟುತ್ತಾನೆ. ನಡುವೆ ಪೂರ್ತಿ ಕತ್ತಲಾಗದೆ ಮಬ್ಬು ಬೆಳಕು ಇರುತ್ತದೆ. ಅದೇ ಊರಲ್ಲಿ ಡಿಸೆಂಬರ್ ಕೊನೆಗೆ ಹಗಲು ಆರು ಗಂಟೆಗಿಂತಲೂ ಕಡಿಮೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಹಾಗಾಗಿ ನಮಗೆ ಇದು ಸುಲಭಕ್ಕೆ ಅಂದಾಜಿಗೆ ಸಿಗುವುದಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಫಿಯೋರ್ಡ್ ನೋಡಲು ಹೊರಟರೆ ಬೆಳಗಿನ ತಿಂಡಿ ಮುಗಿಸುವ ಹೊತ್ತಿಗೂ ಹೊರಗೆ ಕತ್ತಲೆ, ಮಧ್ಯಾಹ್ನ ಮೂರೂವರೆಗೆ ಮತ್ತೆ ಕತ್ತಲೆ. ಜೂನ್‌ನಲ್ಲಿ ಹೋದರೆ ನಿದ್ದೆ ಬರುವುದು ಕಷ್ಟ. ಹಿರಿಯರಿದ್ದರೆ ಕಣ್ಣಿಗೆ ಕಟ್ಟುವ ಪಟ್ಟಿ ಚೀಲದಲ್ಲಿರಲಿ.

ಫಾರ್ವರ್ಡ್ 2: ‘ನಾರ್ವೆಗೆ ಹೋದರೆ ಹಸಿರು ಬೆಳಕು ಗ್ಯಾರಂಟಿ’

ತಪ್ಪು.

ಸೂರ್ಯನಿಂದ ಬರುವ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರದ ದಾರಿ ಹಿಡಿದು ಧ್ರುವಗಳ ಸುತ್ತಲಿನ ಗಾಳಿಗೆ ಬಡಿದಾಗ ಆಕ್ಸಿಜನ್, ನೈಟ್ರೋಜನ್ ಅಣುಗಳು ಹೊಳೆಯುತ್ತವೆ. ಇದೇ ಉತ್ತರದ ಬೆಳಕು, ಅಂದರೆ ಅರೋರಾ. ನಾವು ಹೆಚ್ಚಾಗಿ ನೋಡುವ ಹಸಿರು ಬಣ್ಣ ಆಕ್ಸಿಜನ್‌ನದು. ಈ ಬೆಳಕು ಬೇಸಿಗೆಯಲ್ಲೂ ಉಂಟಾಗುತ್ತಿರುತ್ತದೆ. ಆದರೆ ಆಕಾಶವೇ ಬೆಳಗಿರುವಾಗ ಕಾಣುವುದು ಹೇಗೆ? ಹಗಲಲ್ಲಿ ನಕ್ಷತ್ರ ಕಾಣದಿದ್ದಂತೆಯೇ ಇದೂ.

ಆದ್ದರಿಂದ ಮಧ್ಯರಾತ್ರಿಯ ಸೂರ್ಯ ಮತ್ತು ಅರೋರಾ ಎರಡನ್ನೂ ಒಂದೇ ಪ್ರವಾಸದಲ್ಲಿ ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನಪಡಿ. ಒಂದಕ್ಕೆ ಬೆಳಕು ಬೇಕು, ಇನ್ನೊಂದಕ್ಕೆ ಕತ್ತಲು ಬೇಕು.

ಅರೋರಾಕ್ಕೆ ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಸರಿಯಾದ ಜಾಗ ಟ್ರೊಮ್ಸೊ ಸುತ್ತಮುತ್ತಲಿನ ಉತ್ತರ ಭಾಗ. ಬರ್ಗೆನ್‌ನಿಂದ ಟ್ರೊಮ್ಸೊಗೆ ನೇರ ದೂರವೇ ಸುಮಾರು 1,200 ಕಿ.ಮೀ. ಅಲ್ಲಿಗೆ ಹೋದ ಮೇಲೂ ಮೋಡ ಕವಿದರೆ ಏನೂ ಕಾಣದು. ಮೂರ್ನಾಲ್ಕು ರಾತ್ರಿಗಳನ್ನಾದರೂ ಇಟ್ಟುಕೊಂಡವರಿಗೆ ಅವಕಾಶ ಹೆಚ್ಚು.

ಇನ್ನೊಂದು ಮಾತು. ಕ್ಯಾಮೆರಾ ಹಲವು ಸೆಕೆಂಡು ಬೆಳಕನ್ನು ಕೂಡಿಸಿಕೊಂಡು ಚಿತ್ರ ತೆಗೆಯುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಅಷ್ಟಾಗಿ ತಿಳಿಯದು. ಆದ್ದರಿಂದ ಅರೋರಾ ದುರ್ಬಲವಾಗಿರುವ ರಾತ್ರಿ ಬರಿಗಣ್ಣಿಗೆ ಬೂದು ಮೋಡದಂತೆ ಕಂಡದ್ದು ಫೋನಿನಲ್ಲಿ ಕಡು ಹಸಿರಾಗಿ ಕಾಣುತ್ತದೆ. ಫೋಟೊ ಸುಳ್ಳಲ್ಲ, ಆದರೆ ಕಣ್ಣಿಗೆ ಯಾವಾಗಲೂ ಹಾಗೇ ಕಾಣುತ್ತದೆ ಎಂದುಕೊಳ್ಳಬೇಡಿ.

ಫಾರ್ವರ್ಡ್ 3: ‘ಎರಡು ಸಮುದ್ರ ಸೇರಿದರೂ ನೀರು ಬೆರೆಯದ ಪವಾಡ’

ಪವಾಡವಲ್ಲ, ಮತ್ತು ನೀರು ಬೆರೆಯುತ್ತದೆ.

ಒಂದು ಕಡೆ ತಿಳಿಹಸಿರು, ಇನ್ನೊಂದು ಕಡೆ ಕಡುನೀಲಿ ನೀರು, ನಡುವೆ ಗೆರೆ ಎಳೆದಂತೆ ಗಡಿ. ಈ ಹೆಸರಿನಲ್ಲಿ ಹರಿದಾಡುವ ಪ್ರಸಿದ್ಧ ಚಿತ್ರ ಅಲಾಸ್ಕಾ ಕೊಲ್ಲಿಯದು. ಆದರೆ ಇದರ ಕಾರಣವನ್ನು ಹಿಮನದಿಯ ನೀರು ಸೇರುವ ಫಿಯೋರ್ಡ್‌ಗಳಲ್ಲೂ ನೋಡಬಹುದು.

ಹಿಮನದಿ ಬಂಡೆಯನ್ನು ಉಜ್ಜುವಾಗ ಬೀಸುವ ಕಲ್ಲಿನಿಂದ ಹಿಟ್ಟು ಉದುರಿದಂತೆ ನುಣುಪಾದ ಕಲ್ಲಿನ ಪುಡಿ ಉಂಟಾಗುತ್ತದೆ. ಕರಗಿದ ನೀರಿನೊಂದಿಗೆ ಅದು ಕೆಳಗೆ ಬರುತ್ತದೆ. ಎಷ್ಟು ನಯ ಎಂದರೆ ಬೇಗ ತಳ ಸೇರುವುದಿಲ್ಲ. ತೇಲುತ್ತಲೇ ಬೆಳಕನ್ನು ಚದುರಿಸಿ ನೀರಿಗೆ ಹಾಲು ಬೆರೆಸಿದಂಥ ಹಸಿರು ಬಣ್ಣ ಕೊಡುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಬೇಸಿಗೆಯಲ್ಲಿ ಫಿಯೋರ್ಡ್‌ನ ಮೇಲಿನ ಕೆಲವು ಮೀಟರ್ ಸಿಹಿ ಬೆರೆತ ನೀರು, ಕೆಳಗೆ ಉಪ್ಪುನೀರು. ಗಾಳಿ, ಅಲೆ, ಉಬ್ಬರವಿಳಿತಗಳು ನಿಧಾನವಾಗಿ ಎರಡನ್ನೂ ಬೆರೆಸುತ್ತವೆ. ಗಡಿಯೂ ಜಾಗ ಬದಲಿಸುತ್ತಾ ಇರುತ್ತದೆ.

‘ಫಿಯೋರ್ಡ್‌ಗಳು ಎಂದೂ ಹೆಪ್ಪುಗಟ್ಟುವುದಿಲ್ಲ’ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚಗಿನ ಪ್ರವಾಹ ಮತ್ತು ಪಶ್ಚಿಮದ ಗಾಳಿಯಿಂದ ನಾರ್ವೆಯ ಕರಾವಳಿ ಚಳಿಗಾಲದಲ್ಲೂ ಸಾಮಾನ್ಯವಾಗಿ ಹೆಪ್ಪುಗಟ್ಟದೆ ಇರುತ್ತದೆ. ಆದರೆ ಒಳತುದಿಗಳಲ್ಲಿ ಸಿಹಿನೀರು ಹೆಚ್ಚು, ಗಾಳಿ ಕಡಿಮೆ. ಅಲ್ಲಿ ಕೆಲವು ಚಳಿಗಾಲಗಳಲ್ಲಿ ಮೇಲ್ಮೈ ಹೆಪ್ಪುಗಟ್ಟುವುದುಂಟು.

ಫಾರ್ವರ್ಡ್ 4: ‘ಈ ಬಂಡೆ ಯಾವ ಕ್ಷಣದಲ್ಲಾದರೂ ಬೀಳಬಹುದು’

ಇದು ಪ್ರೈಕೆಸ್ಟೋಲೆನ್ ಎಂಬ ಚಪ್ಪಟೆ ಬಂಡೆ. ಲೀಸೆ ಫಿಯೋರ್ಡ್‌ನ ಮೇಲೆ 604 ಮೀಟರ್ ಎತ್ತರದಲ್ಲಿದೆ. ನಮ್ಮ ಜೋಗ ಜಲಪಾತದ ಎತ್ತರ 253 ಮೀಟರ್. ಅದರ ಎರಡು ಪಟ್ಟಿಗಿಂತಲೂ ಹೆಚ್ಚು!

ಬಂಡೆಯ ಹಿಂಬದಿಯಲ್ಲಿ ದೊಡ್ಡ ಬಿರುಕು ಇರುವುದು ನಿಜ. ಭೂವಿಜ್ಞಾನಿಗಳು ಅದನ್ನು ಅಳೆದು ಪರಿಶೀಲಿಸಿದ್ದಾರೆ. ಸದ್ಯದಲ್ಲಿ ಬೀಳುವ ಲಕ್ಷಣಗಳಿಲ್ಲ. ಬಂಡೆಗಿಂತ ದೊಡ್ಡ ಅಪಾಯ ನಾವೇ: ಅಂಚಿನಲ್ಲಿ ಬೇಲಿ ಇಲ್ಲ, ಮಳೆ ಬಂದರೆ ಕಲ್ಲು ಜಾರುತ್ತದೆ, ಕೈಯಲ್ಲಿ ಫೋನು.

ಹೋಗಿಬರಲು 8 ಕಿ.ಮೀ. ನಡಿಗೆ, ಸುಮಾರು 4 ಗಂಟೆ. ದಾರಿಯಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಅವುಗಳಲ್ಲಿ ಹಲವನ್ನು ಕಟ್ಟಿದವರು ನೇಪಾಳದಿಂದ ಬಂದ ಶೆರ್ಪಾಗಳು. ಕುಮಾರಪರ್ವತ ಹತ್ತಿದವರಿಗೆ ಇದು ಸುಲಭ. ದಿನಕ್ಕೆ ಅರ್ಧ ಗಂಟೆ ವಾಕಿಂಗ್ ಮಾಡುವ ಅಭ್ಯಾಸ ಮಾತ್ರ ಇರುವವರಿಗೆ ಸುಲಭವಲ್ಲ.

ನಾಲಿಗೆ ಚಾಚಿದಂತೆ ಕಾಣುವ ಇನ್ನೊಂದು ಬಂಡೆ ಟ್ರೋಲ್‌ಟುಂಗಾ. ಫೋಟೊದಲ್ಲಿ ಕಾರಿನಿಂದ ಇಳಿದು ನಿಂತಂತೆ ಕಾಣುತ್ತದೆ. ವಾಸ್ತವದಲ್ಲಿ ಕೆಳಗಿನ ವಾಹನ ನಿಲ್ದಾಣದಿಂದ ಹೋಗಿಬರಲು ಸುಮಾರು 27 ಕಿ.ಮೀ., 8ರಿಂದ 12 ಗಂಟೆ ನಡಿಗೆ. ಕೆಳಗಿರುವುದು ಫಿಯೋರ್ಡ್ ಕೂಡ ಅಲ್ಲ, ರಿಂಗೆದಾಲ್ಸ್‌ವಾಟ್ನೆಟ್ ಎಂಬ ಸರೋವರ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು ಉಳಿದ ಕಾಲದಲ್ಲಿ ಗೈಡ್ ಇಲ್ಲದೆ ಹೋಗಬಾರದು. ಜನಜಂಗುಳಿಯ ದಿನಗಳಲ್ಲಿ ಆ ಒಂದು ಫೋಟೊಕ್ಕೆ ಸರದಿಯಲ್ಲಿ ನಿಲ್ಲಬೇಕು. ಚಿತ್ರದಲ್ಲಿ ಸರದಿ ಕಾಣುವುದಿಲ್ಲ, ಅಷ್ಟೇ.

ನಾರ್ವೆಯವರು 1952ರಿಂದ ಪಾಲಿಸಿಕೊಂಡು ಬಂದಿರುವ ಬೆಟ್ಟದ ನಿಯಮಗಳಿವೆ. ಅವುಗಳಲ್ಲಿ ಒಂದರ ಸಾರ ಇಷ್ಟು: ಸಮಯವಿರುವಾಗಲೇ ಹಿಂದಿರುಗಿ, ಅದರಲ್ಲಿ ನಾಚಿಕೆ ಇಲ್ಲ. ಅಲ್ಲಿಯವರೆಗೆ ದುಡ್ಡು ಕೊಟ್ಟು ಹೋಗಿದ್ದೇವೆ ಎಂಬ ಹಟದಲ್ಲಿ ನಾವು ಮರೆಯುವುದು ಇದನ್ನೇ.

ಫಾರ್ವರ್ಡ್ 5: ‘ಬೆಟ್ಟ ಕುಸಿದು ಫಿಯೋರ್ಡ್‌ನಲ್ಲಿ ಸುನಾಮಿ’

ವಿಡಿಯೊ ಸಿನಿಮಾದ್ದಿರಬಹುದು, ಆದರೆ ಅಪಾಯ ಕಾಲ್ಪನಿಕವಲ್ಲ.

2015ರಲ್ಲಿ ಬಂದ ನಾರ್ವೆಯ ‘ಬೋಲ್ಗೆನ್’ ಸಿನಿಮಾ ಗೈರಾಂಗರ್‌ನಲ್ಲಿ ಬೆಟ್ಟ ಕುಸಿದು ಏಳುವ ಅಲೆಯ ಕತೆ. ಅದರ ತುಣುಕನ್ನು ಹಿನ್ನೆಲೆ ಗೊತ್ತಿಲ್ಲದೆ ನೋಡಿದರೆ ನಿಜ ಘಟನೆ ಎಂದೇ ಅನ್ನಿಸುತ್ತದೆ. ಸಿನಿಮಾಕ್ಕೆ ಆಧಾರವಾದ ಓಕರ್‌ನೆಸೆಟ್ ಬೆಟ್ಟ ಮಾತ್ರ ನಿಜವಾಗಿಯೂ ಇದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಷ್ಟು ಸರಿಯುತ್ತಲೂ ಇದೆ.

1934ರ ಏಪ್ರಿಲ್ 7ರಂದು ತಾಫಿಯೋರ್ಡ್‌ನಲ್ಲಿ ಬೆಟ್ಟದ ಭಾಗ ಕುಸಿದು ನೀರಿಗೆ ಬಿದ್ದು ಎದ್ದ ಅಲೆಗೆ 40 ಜನ ಸತ್ತರು. 2023ರ ಸೆಪ್ಟೆಂಬರ್‌ನಲ್ಲಿ ಗ್ರೀನ್‌ಲ್ಯಾಂಡ್‌ನ ಜನವಸತಿ ಇಲ್ಲದ ಡಿಕ್ಸನ್ ಫಿಯೋರ್ಡ್‌ನಲ್ಲಿ ಕುಸಿತದಿಂದ ಸುಮಾರು 200 ಮೀಟರ್ ಎತ್ತರದ ಅಲೆ ಎದ್ದಿತು. ಕಿರಿದಾದ ಕಣಿವೆಯಲ್ಲಿ ನೀರು ಬಕೆಟ್ಟಿನಲ್ಲಿ ತುಳುಕಾಡಿದಂತೆ ಅತ್ತಿತ್ತ ತುಳುಕುತ್ತಲೇ ಇತ್ತು. ಆ ಕಂಪನ 9 ದಿನಗಳ ಕಾಲ ಜಗತ್ತಿನ ಭೂಕಂಪ ಮಾಪಕಗಳಲ್ಲಿ ದಾಖಲಾಯಿತು.

ಹೀಗೇಕೆ? ಕಣಿವೆಯನ್ನು ತುಂಬಿದ್ದ ಮಂಜು ಎರಡೂ ಬದಿಯ ಗೋಡೆಗಳಿಗೆ ಆನಿಕೆಯಂತೆ ನಿಂತಿತ್ತು. ಅದು ಕರಗಿದ ಮೇಲೆ ಕಡಿದಾದ ಗೋಡೆಗಳಿಗೆ ಆಸರೆ ಇಲ್ಲ. ಬಿರುಕುಗಳಿಗೆ ನೀರು ಇಳಿದು ಹೆಪ್ಪುಗಟ್ಟಿ ಹಿಗ್ಗುತ್ತದೆ. ಫಿಯೋರ್ಡ್‌ಗೆ ಅಂದ ಕೊಟ್ಟ ಕಡಿದಾದ ಗೋಡೆಯೇ ಅಪಾಯವನ್ನೂ ತಂದಿದೆ.

ಹಾಗೆಂದು ಪ್ರವಾಸ ಬಿಡಬೇಕಿಲ್ಲ. ಓಕರ್‌ನೆಸೆಟ್‌ನಂಥ ಬೆಟ್ಟಗಳ ಮೇಲೆ ಅಳೆಯುವ ಉಪಕರಣಗಳಿಂದ ಹಗಲುರಾತ್ರಿ ನಿಗಾ ಇದೆ. ಚಲನೆ ಹೆಚ್ಚಾದರೆ ಮುಂಚೆಯೇ ಜನರನ್ನು ತೆರವು ಮಾಡುವ ವ್ಯವಸ್ಥೆಯೂ ಇದೆ. ಪ್ರವಾಸಿ ಮಾಡಬೇಕಾದದ್ದು ಇಷ್ಟೇ: ರಸ್ತೆ ಅಥವಾ ಹಾದಿ ಮುಚ್ಚಿದೆ ಎಂದು ಫಲಕವಿದ್ದರೆ ದಾಟಬೇಡಿ. 11 ಹಿಮ್ಮುರಿ ತಿರುವುಗಳ ಪ್ರಸಿದ್ಧ ಟ್ರೋಲ್‌ಸ್ಟಿಗೆನ್ ಘಾಟಿ ರಸ್ತೆಯನ್ನು 2024ರ ಬೇಸಿಗೆಯಲ್ಲಿ ಕಲ್ಲು ಉರುಳುವ ಅಪಾಯದಿಂದ ಮುಚ್ಚಲಾಯಿತು. ಅಂಥ ಸಂದರ್ಭಕ್ಕೆ ಯೋಜನೆಯಲ್ಲಿ ಬದಲಿ ದಾರಿ ಇರಬೇಕು.

ಫಾರ್ವರ್ಡ್ 6: ‘ನೀರಿನೊಳಗೆ ತೇಲುವ ಸುರಂಗ, ಕಾರಿನಲ್ಲಿ ಫಿಯೋರ್ಡ್ ದಾಟಿ’

ಇನ್ನೂ ಕಟ್ಟಿಲ್ಲ. ಹರಿದಾಡುವುದು ಕಂಪ್ಯೂಟರ್‌ನಲ್ಲಿ ಬಿಡಿಸಿದ ಚಿತ್ರ. ಫಿಯೋರ್ಡ್‌ಗಳು ತುಂಬ ಆಳವಾಗಿರುವುದರಿಂದ ನೀರಿನಲ್ಲಿ ತೇಲುವ ಕೊಳವೆಯಂಥ ಸುರಂಗ ಮಾಡಬಹುದೇ ಎಂದು ನಾರ್ವೆಯ ರಸ್ತೆ ಇಲಾಖೆ ಅಧ್ಯಯನ ಮಾಡಿದ್ದು ನಿಜ. ಅಲ್ಲಿರುವ ಸುರಂಗಗಳು ಬಂಡೆ ಕೊರೆದು ಮಾಡಿದವು. 2000ದಲ್ಲಿ ತೆರೆದ ಲೆರ್ದಾಲ್ ಸುರಂಗ 24.5 ಕಿ.ಮೀ. ಉದ್ದವಿದ್ದು, ವಾಹನ ಓಡುವ ರಸ್ತೆ ಸುರಂಗಗಳಲ್ಲಿ ಜಗತ್ತಿನಲ್ಲೇ ಉದ್ದನೆಯದು. ಅದು ಬೆಟ್ಟದೊಳಗಿದೆ, ಸಮುದ್ರದಡಿ ಅಲ್ಲ.

ಇದು ಪ್ರವಾಸಕ್ಕೆ ಯಾಕೆ ಮುಖ್ಯ? ಅಲ್ಲಿ ಹಲವು ಕಡೆ ಕಾರುಗಳು ಇಂದಿಗೂ ದೋಣಿಯಲ್ಲೇ ಫಿಯೋರ್ಡ್ ದಾಟುತ್ತವೆ. ಊರ ಹೊರಗಿನ ಸಾಮಾನ್ಯ ವೇಗಮಿತಿ ಗಂಟೆಗೆ 80 ಕಿ.ಮೀ., ರಸ್ತೆ ಕಿರಿದು, ತಿರುವು ಹೆಚ್ಚು, ದಂಡವೂ ಜೋರು. ನಕ್ಷೆಯಲ್ಲಿ ಎದುರುಬದುರು ಕಾಣುವ ಊರುಗಳ ನಡುವೆ ಅರ್ಧ ದಿನ ಹಿಡಿಯಬಹುದು. ಒಂದು ವಾರದಲ್ಲಿ ಐದು ಫಿಯೋರ್ಡ್ ಎಂದು ಪಟ್ಟಿ ಮಾಡಿದರೆ ನೋಡುವುದು ಕಾರಿನ ಕಿಟಕಿಯನ್ನೇ.

ಫಾರ್ವರ್ಡ್ 7: ‘ನಾರ್ವೆಗೆ ಭಾರತೀಯರಿಗೆ ವೀಸಾ ಬೇಡ’

ತಪ್ಪು. ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್ ವ್ಯವಸ್ಥೆಯಲ್ಲಿದೆ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು.

ಈ ಸುದ್ದಿ ಹುಟ್ಟಿದ್ದು ಬಹುಶಃ ಸ್ವಾಲ್‌ಬಾರ್ಡ್‌ನಿಂದ. ನಾರ್ವೆಗೆ ಸೇರಿದ ಈ ಆರ್ಕ್‌ಟಿಕ್ ದ್ವೀಪಸಮೂಹಕ್ಕೆ ಮಾತ್ರ ವೀಸಾ ಕೇಳುವುದಿಲ್ಲ. ಆದರೆ ಅಲ್ಲಿಗೆ ಹೋಗುವ ವಿಮಾನ ಹತ್ತಲು ನಾರ್ವೆಯ ಮೂಲಕವೇ ಹೋಗಬೇಕು, ವಾಪಸೂ ಅಲ್ಲಿಗೇ ಬರಬೇಕು. ಅದಕ್ಕೆ ಎರಡು ಸಲ ಪ್ರವೇಶಿಸಲು ಅನುಮತಿಯಿರುವ ಷೆಂಗೆನ್ ವೀಸಾ ಬೇಕು.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಕೊಡುವ ಅಧಿಕಾರ ಆಯಾ ದೇಶದ್ದು. ‘ನೂರಕ್ಕೆ ನೂರು ವೀಸಾ ಗ್ಯಾರಂಟಿ’ ಎಂದು ಮುಂಗಡ ಕೇಳುವವರ ಕೈಯಲ್ಲಿ ಆ ಅಧಿಕಾರವಿಲ್ಲ. ವೀಸಾ ಸಿಗುವವರೆಗೆ ಹಣ ವಾಪಸು ಬಾರದ ಟಿಕೆಟ್, ಹೋಟೆಲ್ ಬುಕ್ ಮಾಡದಿರುವುದು ಒಳ್ಳೆಯದು.

ಹಾಗಾದರೆ ಯೋಜನೆ ಹೇಗೆ ಮಾಡಬೇಕು?

ಮೊದಲು ತಿಂಗಳು ಆರಿಸಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

* ಮೇ ಎರಡನೇ ಅರ್ಧ: ಹಾರ್ಡಾಂಗರ್ ಫಿಯೋರ್ಡ್‌ನ ದಂಡೆಯಲ್ಲಿ ಸೇಬು ತೋಟಗಳು ಹೂ ಬಿಡುವ ಕಾಲ. ಬೆಟ್ಟದ ಹಿಮ ಕರಗಿ ಜಲಪಾತಗಳು ತುಂಬಿರುತ್ತವೆ. ಎತ್ತರದ ಹಾದಿಗಳಲ್ಲಿ ಇನ್ನೂ ಹಿಮ ಇರುತ್ತದೆ. ಮೇ 17 ಅವರ ಸಂವಿಧಾನ ದಿನ, ಅಂಗಡಿಗಳು ಮುಚ್ಚಿರುತ್ತವೆ.
* ಜೂನ್‌ನಿಂದ ಆಗಸ್ಟ್: ಉದ್ದದ ಹಗಲು, ಬಹುತೇಕ ಎಲ್ಲ ರಸ್ತೆ ಮತ್ತು ಹಾದಿ ತೆರೆದಿರುತ್ತವೆ. ಜನಸಂದಣಿಯೂ ದರವೂ ಹೆಚ್ಚು.
* ಸೆಪ್ಟೆಂಬರ್: ಜನ ಕಡಿಮೆ, ಎಲೆಗಳು ಬಣ್ಣ ಬದಲಿಸುತ್ತವೆ. ಕೊನೆಯ ವಾರ ಉತ್ತರಕ್ಕೂ ಹೋಗುವವರಿಗೆ ಅರೋರಾ ಕಾಣುವ ಸಾಧ್ಯತೆ ಶುರು. ಎರಡನ್ನೂ ಜೋಡಿಸಲೇಬೇಕೆಂದರೆ ಇದೇ ಕಾಲ.
* ಅಕ್ಟೋಬರ್‌ನಿಂದ ಏಪ್ರಿಲ್: ಎತ್ತರದ ಘಾಟಿ ರಸ್ತೆಗಳು ಮುಚ್ಚುತ್ತವೆ. ಹಗಲು ಚಿಕ್ಕದು. ಅರೋರಾಕ್ಕೆ ಸರಿ, ಫಿಯೋರ್ಡ್‌ಗೆ ಅಷ್ಟಕ್ಕಷ್ಟೇ.

ಜಲಪಾತದ ವಿಷಯದಲ್ಲಿ ಒಂದು ಎಚ್ಚರಿಕೆ. ಮಳೆಗಾಲದ ಜೋಗದ ಫೋಟೊ ನೋಡಿ ಏಪ್ರಿಲ್‌ನಲ್ಲಿ ಹೋದವರ ಪಾಡು ನಮಗೆ ಗೊತ್ತು. ಗೈರಾಂಗರ್‌ನ ‘ಏಳು ಸೋದರಿಯರು’ ಜಲಪಾತವೂ ಹಾಗೆಯೇ. ಅದಕ್ಕೆ ನೀರು ಕೊಡುವುದು ಕರಗುವ ಹಿಮ. ಮೇ, ಜೂನ್ ತಿಂಗಳಲ್ಲಿ ಏಳೂ ಧಾರೆ ಭೋರ್ಗರೆಯುತ್ತವೆ, ಬೇಸಿಗೆ ಕಳೆದಂತೆ ಕೆಲವು ಸೊರಗುತ್ತವೆ. ಹಿಮನದಿಯ ಹಳೆಯ ಫೋಟೊಗಳೂ ಮೋಸ ಮಾಡುತ್ತವೆ. 1990ರ ದಶಕದಲ್ಲಿ ಬ್ರಿಕ್ಸ್‌ದಾಲ್ ಹಿಮನದಿಯ ತುದಿ ಕೆಳಗಿನ ಸರೋವರದೊಳಗೇ ಇಳಿದಿತ್ತು. ಈಗ ಅದು ಬಹಳ ಮೇಲಕ್ಕೆ ಸರಿದಿದೆ.

ಆಮೇಲೆ ಮಳೆ. ಬರ್ಗೆನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಒಟ್ಟು ಪ್ರಮಾಣ ಮಂಗಳೂರಿಗಿಂತ ಕಡಿಮೆಯೇ. ಆದರೆ ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿಯುವುದು ಅಲ್ಲಿ ವರ್ಷವಿಡೀ ಹಂಚಿಹೋಗುತ್ತದೆ. ಜುಲೈನಲ್ಲೂ ಮಧ್ಯಾಹ್ನದ ಬಿಸಿಲು 18-19 ಡಿಗ್ರಿ. ಛತ್ರಿ ಗಾಳಿಗೆ ನಿಲ್ಲದು. ಒಳ್ಳೆಯ ರೇನ್‌ಕೋಟ್, ನೀರು ಹಿಡಿಯದ ಶೂ, ಪದರ ಪದರವಾಗಿ ಹಾಕುವ ಬಟ್ಟೆ ಇರಲಿ. ಮುಖ್ಯವಾದ ಒಂದು ದೃಶ್ಯಕ್ಕೆ ಒಂದೇ ದಿನ ಇಡಬೇಡಿ, ಎರಡು ದಿನ ಇಡಿ.

ಕಾರು ಓಡಿಸದೆ, ಬೆಟ್ಟ ಹತ್ತದೆ ಹಿರಿಯರಿಗೆ ಫಿಯೋರ್ಡ್ ತೋರಿಸಲು ಸುಲಭದ ದಾರಿ ಇದು: ಓಸ್ಲೊದಿಂದ ಬರ್ಗೆನ್ ಕಡೆಗಿನ ರೈಲು ಹತ್ತಿ. 1909ರಲ್ಲಿ ಪೂರ್ಣವಾದ ಈ ಮಾರ್ಗ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣದ ಮೂಲಕ ಹೋಗುತ್ತದೆ. ಜೂನ್‌ನಲ್ಲೂ ಹಳಿಯ ಪಕ್ಕ ಹಿಮ ಕಾಣಬಹುದು. ಮಿರ್ದಾಲ್‌ನಲ್ಲಿ ಇಳಿದು ಫ್ಲೋಮ್‌ಗೆ ಹೋಗುವ ಚಿಕ್ಕ ರೈಲು ಹಿಡಿಯಿರಿ. ಅದು 20 ಕಿ.ಮೀ.ಯಲ್ಲಿ 866 ಮೀಟರ್ ಎತ್ತರದಿಂದ ಸಮುದ್ರ ಮಟ್ಟಕ್ಕೆ ಇಳಿಯುತ್ತದೆ. ಫ್ಲೋಮ್‌ನಿಂದ ಗುಡ್‌ವಾಂಗೆನ್‌ವರೆಗೆ ನೆರೊಯ್ ಫಿಯೋರ್ಡ್‌ನಲ್ಲಿ ಎರಡು ಗಂಟೆಯ ದೋಣಿ ಪ್ರಯಾಣ. ಅಲ್ಲಿಂದ ವೊಸ್‌ಗೆ ಬಸ್ಸು, ಮತ್ತೆ ರೈಲಿನಲ್ಲಿ ಬರ್ಗೆನ್. ಇದೇ ದಾರಿಯನ್ನು ಪ್ಯಾಕೇಜ್ ಆಗಿ ಮಾರುತ್ತಾರೆ. ಟಿಕೆಟ್‌ಗಳನ್ನು ಬಿಡಿಬಿಡಿಯಾಗಿಯೂ ತೆಗೆದುಕೊಳ್ಳಬಹುದು, ಎರಡರ ದರವನ್ನೂ ಹೋಲಿಸಿ ನೋಡಿ.

ಹಡಗಿನಲ್ಲಿ ವಾಂತಿಯಾಗುತ್ತದೆ ಎಂಬ ಭಯ ಹಲವರಿಗೆ. ಫಿಯೋರ್ಡ್‌ನೊಳಗೆ ಬೆಟ್ಟಗಳ ಮರೆ ಇರುವುದರಿಂದ ನೀರು ಸಾಮಾನ್ಯವಾಗಿ ಶಾಂತ. ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗಿನ ಕರಾವಳಿ ಹಡಗು ಹತ್ತಿದರೆ ಮಾತ್ರ ಸ್ಟಾಡ್‌ನಂಥ ತೆರೆದ ಸಮುದ್ರದ ಭಾಗಗಳಲ್ಲಿ ಅಲೆ ಜೋರು. ದೊಡ್ಡ ಕ್ರೂಸ್ ಹಡಗು ಆರಿಸುವವರು ಯಾವ ಫಿಯೋರ್ಡ್‌ಗೆ ಒಳಹೋಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹೊಗೆ ಉಗುಳುವ ಹಡಗುಗಳ ಮೇಲೆ ವಿಶ್ವ ಪರಂಪರೆಯ ಫಿಯೋರ್ಡ್‌ಗಳಲ್ಲಿ ನಿರ್ಬಂಧಗಳು ಹೆಚ್ಚುತ್ತಿವೆ.

ಖರ್ಚಿನ ಮಾತು. ಹೋಟೆಲ್ ಊಟ ದುಬಾರಿ. ಅಡುಗೆಮನೆ ಇರುವ ಕೊಠಡಿ ಹಿಡಿದು ಕಿವಿ, ರೆಮಾ 1000ರಂಥ ಅಂಗಡಿಗಳಲ್ಲಿ ಸಾಮಾನು ತಂದರೆ ಉಳಿತಾಯ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಡಿ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಡಿ. ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಆದರೆ ಐರೋಪ್ಯ ವಲಯದ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಇರಲಿ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ

ಮೂರು ಪ್ರಶ್ನೆ ಕೇಳಿ. ಈ ಚಿತ್ರ ಯಾವ ಊರಿನದು? ಯಾವ ತಿಂಗಳಿನದು? ಅಲ್ಲಿಗೆ ತಲುಪಲು ಎಷ್ಟು ನಡೆಯಬೇಕು?

ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಚಿತ್ರ ಪ್ರವಾಸಕ್ಕೆ ಉಪಯೋಗಕ್ಕೆ ಬರುತ್ತದೆ. ಸಿಗದಿದ್ದರೆ ನೋಡಿ ಸಂತೋಷಪಡಿ, ಅದನ್ನು ನಂಬಿ ಹಣ ಕಟ್ಟಬೇಡಿ. ನಿಮ್ಮ ಮನೆಯ ಗುಂಪಿನಲ್ಲಿ ಯಾರಾದರೂ ಈಗಾಗಲೇ ‘ಜೂನ್‌ನಲ್ಲಿ ಹೋಗೋಣ, ಹಸಿರು ಬೆಳಕು ನೋಡೋಣ’ ಎಂದು ಬರೆದಿದ್ದರೆ, ಅವರು ಮುಂಗಡ ಕಟ್ಟುವ ಮುಂಚೆ ಇದನ್ನು ಅವರಿಗೆ ಕಳಿಸಿ. ಜೂನ್‌ನಲ್ಲಿ ಹೋಗುವುದಾದರೆ ಖಂಡಿತ ಹೋಗಲಿ. ಬೆಳಗಿನ ನಾಲ್ಕಕ್ಕೆ ಎದ್ದು ನೆರೊಯ್ ಫಿಯೋರ್ಡ್‌ನ ದಡದಲ್ಲಿ ನಿಂತು, ಈ ಕಣಿವೆಯ ತುಂಬ ಒಮ್ಮೆ ಮಂಜುಗಡ್ಡೆ ಇತ್ತು ಎಂದು ಅಪ್ಪ ಅಮ್ಮನಿಗೆ ಹೇಳಲಿ. ಅದನ್ನು ನೋಡಲು ಹಸಿರು ಬೆಳಕು ಬೇಕಿಲ್ಲ.